ಮಾವನ ಮೀಸೆ

ಕ್ಷೌರದಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಮಾತಿನಮಲ್ಲ. ಗಿರಾಕಿಯ ಗದ್ದಕ್ಕೆ ನೊರೆ ಹಚ್ಚಿದನೆಂದರೆ ಮುಗಿಯಿತು, ಆ ಬಡಪಾಯಿ ಬಾಯಿ ತೆರೆಯುವಂತಿಲ್ಲ, ಇವನು ಮುಚ್ಚುವವನಲ್ಲ. ಅಂಥವನಿಗೆ, ಮದುವೆ ಇವತ್ತು ನಾಳೆ ಎನ್ನುತ್ತಲೇ ಐದು ವರ್ಷ ಜೊತೆಗಿದ್ದವಳು ಬಿಟ್ಟುಹೋಗುವಾಗ ಹೇಳಿದ್ದೇನು ಗೊತ್ತೇ? "ಇಡೀ ದಿನ ಊರಿಗೆಲ್ಲ ಮಾತಾಡ್ತೀಯ, ನನ್ನ ಹತ್ತಿರ ಬರೋ ಹೊತ್ತಿಗೆ ನಿನ್ನ ಬಾಯಿಗೆ ಬೀಗ. ಗೋಡೆ ಜೊತೆ ಸಂಸಾರ ಮಾಡೋಕೆ ನನ್ನಿಂದ ಆಗಲ್ಲ." ಅದಕ್ಕೂ ಅವನು ಉತ್ತರ ಕೊಡಲಿಲ್ಲ. ಅವಳ ಚೀಲವನ್ನು ಬಾಗಿಲವರೆಗೆ ಎತ್ತಿಕೊಟ್ಟ. ಇಂಥ ದಡ್ಡತನಕ್ಕೆ ಗಂಡಸರು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದಾರೆ.

ಇದಾಗಿ ಒಂದು ವರ್ಷ. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುವ ಚಿಕ್ಕಪ್ಪ ತಮಗೆ ತಿಳಿದ ಮದ್ದನ್ನೆಲ್ಲ ಹೇಳಿ ನೋಡಿದರು. ಅವಳ ನಂಬರು ಅಳಿಸು ಎಂದರು. ಅಳಿಸಿದ, ಆದರೆ ಬಾಯಿಪಾಠವಾಗಿದ್ದನ್ನು ಯಾವ ಗುಂಡಿ ಒತ್ತಿ ಅಳಿಸುವುದು? ಬೆಳಗ್ಗೆ ಎದ್ದು ಓಡು ಎಂದರು. ಓಡಿದ, ಹಾಳು ಕಾಲು ಅವಳು ಕೆಲಸ ಮಾಡುವ ಔಷಧದಂಗಡಿಯ ಬೀದಿಗೇ ಹೋಗಿ ನಿಂತಿತು. ಯಾರೋ ತೋರಿಸಿದ ಹುಡುಗಿಯ ಎದುರು ಕೂತು ಕಾಫಿಯನ್ನೂ ಕುಡಿದ. ನಿಮ್ಮ ಕತ್ತಿನ ಹಿಂದೆ ಕೂದಲನ್ನು ಯಾರೋ ಸೊಟ್ಟಗೆ ಕತ್ತರಿಸಿದ್ದಾರೆ ಎಂದು ಅವಳಿಗೆ ಹೇಳಿ ಎದ್ದು ಬಂದ. ಕೊನೆಗೆ ಚಿಕ್ಕಪ್ಪ, "ಒಂದ್ಸಲ ಅತ್ತುಬಿಡೋ, ಹಗುರ ಆಗುತ್ತೆ" ಎಂದಾಗ, "ಅಳೋಕೆ ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಹರಿಹಾಯ್ದು, ಅಂದಿನಿಂದ ರಜಾದಿನವೂ ಅಂಗಡಿ ತೆರೆಯತೊಡಗಿದ.

ಅವನನ್ನು ಹಿಡಿದು ನಿಲ್ಲಿಸಿದ್ದು ನಿಜವಾಗಿ ಅವಳ ಅಪ್ಪ. ಹೆಂಡತಿ ತೀರಿಕೊಂಡ, ಬಸ್ಸು ಓಡಿಸಿ ನಿವೃತ್ತರಾದ ಯಜಮಾನರು. ಮನೆಯ ಕೆಳಗೇ ಕ್ಷೌರದಂಗಡಿ ಇದ್ದರೂ ಎರಡು ಬಸ್ಸು ಬದಲಾಯಿಸಿ ಹದಿನೈದು ದಿನಕ್ಕೊಮ್ಮೆ ಭಾನುವಾರ ಇಲ್ಲಿಗೇ ಬರುತ್ತಿದ್ದವರು, ಮಗಳು ಇವನನ್ನು ಬಿಟ್ಟ ಮೇಲೂ ಬರುವುದನ್ನು ಬಿಡಲಿಲ್ಲ. ಐದು ವರ್ಷ ಬಾಯಿತುಂಬ ಮಾವ ಎಂದು ಕರೆದವನು ಈಗ ಏನೆಂದು ಕರೆಯಬೇಕು? ಸಾರ್ ಅನ್ನಲು ನಾಲಿಗೆ ಹೊರಳದು. ಏನೂ ಕರೆಯದೆ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದ. ಒಂದು ಸಲ ಹಚ್ಚಿದರೆ ಸಾಕಾಗುವ ನೊರೆಯನ್ನು ಎರಡು ಸಲ ಹಚ್ಚಿ ಹೊತ್ತು ಎಳೆಯುತ್ತಿದ್ದ. ನಡುವೆ ಮೆಲ್ಲಗೆ, "ಮನೇಲಿ ಎಲ್ಲರೂ ಹೇಗಿದ್ದಾರೆ?" ಆ ಮನೆಯಲ್ಲಿ ಇರುವುದೇ ಇಬ್ಬರು, ಅವರಲ್ಲಿ ಒಬ್ಬರು ಎದುರಿಗೇ ಕೂತಿದ್ದಾರೆ. "ಇದ್ದಾರಪ್ಪ ಎಲ್ಲರೂ" ಎನ್ನುತ್ತಿದ್ದರು ಯಜಮಾನರು. ಅಷ್ಟನ್ನು ಕಟ್ಟಿಕೊಂಡು ಅವನು ಇನ್ನೊಂದು ಹದಿನೈದು ದಿನ ತಳ್ಳುತ್ತಿದ್ದ. ಈ ಮನುಷ್ಯ ಬರುತ್ತಿರುವ ತನಕ ಎಲ್ಲವೂ ಮುಗಿದಿಲ್ಲ ಎಂದೇ ಅವನು ನಂಬಿದ್ದ. ಬರುವುದು ನಿಂತರೆ ತನ್ನ ಗತಿ ಏನು ಎಂದು ಯೋಚಿಸಲು ಅವನಿಗೆ ಧೈರ್ಯವಿರಲಿಲ್ಲ.

ಆ ಭಾನುವಾರವೂ ಬಂದರು. ಅವರ ಮೀಸೆಯ ವಿಷಯ ಹೇಳಲೇಬೇಕು. ಮೂವತ್ತು ವರ್ಷ ಸಾಕಿದ ಮೀಸೆ ಅದು. ತಿರುವಿನಲ್ಲಿ ಬಸ್ಸಿಗಿಂತ ಮೊದಲು ಮೀಸೆ ಕಾಣುತ್ತದೆ ಎಂದು ಕಂಡಕ್ಟರುಗಳು ಕಾಲೆಳೆಯುತ್ತಿದ್ದರಂತೆ. ಈಗ ಅದನ್ನು ಗಿಡ್ಡಗೆ ಕತ್ತರಿಸಿ, ಕೆಳಗಿನ ಅಂಚನ್ನು ಕತ್ತಿಯಿಂದ ಗೆರೆ ಎಳೆದಂತೆ ತೀಡುವುದು ಮಾತಿನಮಲ್ಲನ ಕೈಚಳಕ. ತುಟಿಯ ಕೊನೆಗೆ ಬೆರಳೊತ್ತಿ, ಚರ್ಮ ಬಿಗಿ ಹಿಡಿದು, ಕತ್ತಿ ಇಟ್ಟಿದ್ದ.

"ಇವತ್ತು ಸ್ವಲ್ಪ ನೀಟಾಗಿ ಮಾಡಪ್ಪ" ಎಂದರು ಯಜಮಾನರು, ತುಟಿ ಅಲುಗಿಸದೆ. "ಗುರುವಾರ ಫೋಟೋಗೆ ನಿಲ್ಲಬೇಕು."

"ಏನ್ ಫೋಟೋ?"

ಯಜಮಾನರು ಕನ್ನಡಿಯಲ್ಲಿ ಕಣ್ಣು ತಪ್ಪಿಸಿದರು. "ಅವಳ ಮದುವೆ."

ಕೈ ನಡುಗಲಿಲ್ಲ. ನಡುಗಿದ್ದರೆ ಒಂದು ಗೀರು ಬಿದ್ದು ಮುಗಿಯುತ್ತಿತ್ತು. ಹದಿನೆಂಟು ವರ್ಷ ಕೆನ್ನೆ ಬೋಳಿಸಿ ಪಳಗಿದ ಕೈ, ತಲೆ ಖಾಲಿಯಾದಾಗ ತನಗೆ ಗೊತ್ತಿದ್ದನ್ನೇ ಮಾಡಿತು. ಮೇಲಿನಿಂದ ಕೆಳಕ್ಕೆ, ನಯವಾಗಿ, ಒಂದೇ ಎಳೆತ. ಎಡಮೂಗಿನ ಕೆಳಗೆ ಎರಡು ಬೆರಳಗಲ ಮೀಸೆ ಮಾಯವಾಗಿತ್ತು.

"ಅಯ್ಯಯ್ಯೋ, ಏನೋ ಮಾಡ್ದೆ!" ಎಂದು ಚಿಕ್ಕಪ್ಪ ಕತ್ತರಿ ಕೆಳಗಿಟ್ಟರು.

ಯಜಮಾನರು ಕನ್ನಡಿಗೆ ಮುಖ ಚಾಚಿ, ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. ಬೈಯಲಿಲ್ಲ. "ಪೂರ್ತಿ ತೆಗೆದುಬಿಡು. ಹೀಗೇ ಬಸ್ ಹತ್ತಿದ್ರೆ ಮಕ್ಕಳು ಕಿರುಚ್ಕೋತವೆ" ಎಂದರು.

ಅವನು ಪೂರ್ತಿ ತೆಗೆದ. ಒದ್ದೆ ಬಟ್ಟೆಯಲ್ಲಿ ನೊರೆ ಒರೆಸಿ ಕನ್ನಡಿ ನೋಡಿದರೆ, ಮೂವತ್ತು ವರ್ಷದಿಂದ ಯಾರೂ ಕಾಣದ ಮೇಲ್ತುಟಿ. ನಡುವೆ ಆಳವಾದ ಗುಳಿ, ಬಲಗಡೆ ಚೂರು ಮೇಲೆತ್ತಿದ ತುದಿ. ಅವಳದೇ ತುಟಿ. ನಗುವ ಮೊದಲು ಅವಳಿಗೆ ಹಾಗೇ ಏಳುತ್ತಿತ್ತು. ಗುಂಡುಕಲ್ಲು ಗಿಂಡುಕಲ್ಲು ಎಲ್ಲ ಎಲ್ಲಿಗೆ ಹೋಯಿತೋ, ಅವನು ಕುರ್ಚಿಯ ಬೆನ್ನು ಹಿಡಿದು ಬಿಕ್ಕಿಬಿಕ್ಕಿ ಅತ್ತ.

ಯಜಮಾನರು ಕೊರಳ ಬಟ್ಟೆ ಬಿಚ್ಚಿ ಎದ್ದು, ಅವನನ್ನೇ ಆ ಕುರ್ಚಿಯಲ್ಲಿ ಕೂರಿಸಿದರು. "ಅವಳು ಆವತ್ತೇ ಹೇಳಿದ್ಲು. ಅಪ್ಪಾ, ಅಲ್ಲಿಗೆ ಹೋಗಬೇಡ, ಅವನು ಆಸೆ ಇಟ್ಕೊಂಡು ಕೂತಿರ್ತಾನೆ ಅಂತ. ನಾನೇ ಕೇಳ್ಲಿಲ್ಲ. ನನಗೂ ನಿನ್ನ ಬಿಟ್ಟು ಮಾತಾಡೋರು ಯಾರಿದ್ದಾರೆ ಹೇಳು."

ಅವನು ಮೂಗು ಒರೆಸಿಕೊಂಡ. ವರ್ಷದಲ್ಲಿ ಮೊದಲ ಸಲ ನೇರವಾಗಿ ಕೇಳಿದ. "ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ."

ಇಷ್ಟು ದಿನ ಕಾದದ್ದು ಈ ಒಂದು ಮಾತಿಗೆ. ಸ್ವಲ್ಪ ಸೊರಗಿದ್ದಾಳೆ ಎಂದಾದರೂ ಹೇಳಬಾರದಿತ್ತೇ ಎಂದು ಅವನಿಗೆ ಹೊಟ್ಟೆ ಉರಿಯಿತು. ಆ ಉರಿಗೆ ನಾಚಿಕೆಯೂ ಆಯಿತು.

"ಇನ್ಮೇಲೆ ನಿಮ್ಮ ಮನೆ ಕೆಳಗಿನವನ ಹತ್ತಿರಾನೇ ಮಾಡಿಸ್ಕೊಳ್ಳಿ" ಎಂದ ಅವನು. ಹೇಳಿದ ಮೇಲೆ ತನ್ನ ದನಿಯೇ ತನಗೆ ಬೇರೆ ಯಾರದೋ ಎನ್ನಿಸಿತು. ಯಜಮಾನರು ತಲೆಯಾಡಿಸಿದರು. ಕಣ್ಣು ಅವರದೂ ಒದ್ದೆಯಾಗಿತ್ತು.

"ಆದ್ರೆ ಅವನಿಗೆ ಹೇಳಬೇಕು ನೀವು. ಗದ್ದದ ಕೆಳಗೆ ನಿಮಗೆ ಕೂದಲು ಅಡ್ಡಡ್ಡ ಬೆಳೆಯುತ್ತೆ, ಕೆಳಗಿಂದ ಮೇಲಕ್ಕೆ ಕತ್ತಿ ಎಳೆದ್ರೆ ಗುಳ್ಳೆ ಏಳುತ್ತೆ. ಬಲಗಿವಿ ಹಿಂದೆ ಮಚ್ಚೆ ಇದೆ, ನೋಡ್ಕೊಂಡು ಮಾಡು ಅನ್ನಿ. ಬಿಸಿ ಟವೆಲ್ ಮೂಗಿನ ಮೇಲೆ ಹಾಕಿಸ್ಕೋಬೇಡಿ, ನಿಮಗೆ ಉಸಿರು ಕಟ್ಟುತ್ತೆ."

"ಹೂಂ. ಹೇಳ್ತೀನಿ."

ಬಾಯಿ ಈಗ ನಿಲ್ಲುವಂತಿರಲಿಲ್ಲ. "ಮತ್ತೆ ಅವಳು ಬಿಸಿಲಲ್ಲಿ ಬಂದ್ರೆ ತಲೆನೋವು ಬರುತ್ತೆ. ಏನಾಯ್ತು ಅಂತ ಕೇಳಬಾರದು, ಕೇಳಿದ್ರೆ ಏನಿಲ್ಲ ಅಂತಾಳೆ. ಸುಮ್ಮನೆ ಕಿಟಕಿ ಪರದೆ ಎಳೆದು, ಹೆಬ್ಬೆರಳಲ್ಲಿ ಹಣೆ ಮೆಲ್ಲಗೆ ಒತ್ತಬೇಕು. ಇದನ್ನ ಅವಳನ್ನ ಮದುವೆ ಆಗೋನಿಗೆ ನೀವು..."

ಯಜಮಾನರು ಅವನ ಭುಜದ ಮೇಲೆ ಕೈಯಿಟ್ಟರು.

"ಅದು ಬೇಡಪ್ಪ" ಎಂದರು. "ಅದನ್ನ ಅವನು ಅವಳನ್ನೇ ಕೇಳಿ ತಿಳ್ಕೊಂಡಿದ್ದಾನೆ."