ತಿರುಗಿ ನೋಡಬಾರದ ಆಟ

ಚೆಂಡು ಎಲ್ಲಿದೆ ಎಂಬುದನ್ನು ನಾಗವೇಣಿ ಇನ್ನೂ ನೋಡಿರಲಿಲ್ಲ. ಆಟ ಶುರುವಾಗಿತ್ತು, ಎರಡೂ ತಂಡದವರು ಮೈದಾನದ ತುಂಬ ಓಡಾಡುತ್ತಿದ್ದರು. ಅವಳ ಕಣ್ಣು ಮಾತ್ರ ಅವರೆಲ್ಲರ ಆಚೆ, ಜಾಹೀರಾತಿನ ಹಲಗೆಗಳ ಹಿಂದೆ ಸಾಲಾಗಿ ನಿಂತಿದ್ದ ಹಳದಿ ಕೋಟುಗಳ ಮೇಲಿತ್ತು. ಮೊಬೈಲನ್ನು ಹೊಲಿಗೆ ಮೆಷಿನ್ನಿನ ಮೇಲೆ ದಾರದ ಉಂಡೆಗೆ ಒರಗಿಸಿದ್ದಳು. ಕೈಯಲ್ಲಿ ಹೊಲಿಯಬೇಕಾದ ಜೀನ್ಸು, ಪಕ್ಕದಲ್ಲಿ ಊರಿನ ಹೊಲಿಗೆ ಯೂನಿಟ್ಟಿನಿಂದ ಮನೆಗೆ ತಂದ ಇನ್ನೊಂದು ಕಟ್ಟು. ಮೂಲೆಯ ಬಾವುಟದಿಂದ ಈಚೆಗೆ ಮೂರನೆಯ ಹಳದಿ ಕೋಟು ಅವಳ ಗಂಡ ಆಂಜನೇಯನದು. ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅವನು ಸೆಕ್ಯುರಿಟಿ.

ಕ್ಯಾಮೆರಾ ಆ ಕಡೆ ಹೊರಳಿತು. ಮೂರನೆಯ ಕೋಟು ಕಂಡಿತು. ಆದರೆ ಆ ಬೆನ್ನು ಅವನದಲ್ಲ.

ಫೋನಿನಲ್ಲಿ ಅಂಗುಲದಷ್ಟೂ ಇಲ್ಲದ ಬೆನ್ನು ಯಾರದೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ನಾಗವೇಣಿಗೆ ನಗು ಬರುತ್ತಿತ್ತು. ಆಂಜನೇಯ ತಮ್ಮೂರು ರಾಯದುರ್ಗದ ಜೀನ್ಸ್ ಯೂನಿಟ್ಟುಗಳಲ್ಲಿ ವರ್ಷಗಟ್ಟಲೆ ಕಟಿಂಗ್ ಮಾಡಿದವನು. ಎಡಗೈಯಿಂದ ಬಟ್ಟೆಯ ಅಟ್ಟಿ ಒತ್ತಿ ಹಿಡಿದು ಬಲಗೈಯಿಂದ ಮೆಷಿನ್ ನೂಕಿ ನೂಕಿ ಅವನ ಎಡಭುಜ ಇಳಿದುಬಿಟ್ಟಿತ್ತು. ಮದುವೆಗೆ ಹೊಲಿಸಿದ ಅಂಗಿ ಬಿಟ್ಟರೆ ಮಿಕ್ಕ ಅಂಗಿಗಳನ್ನೆಲ್ಲ ಎಡಗಡೆ ಸ್ವಲ್ಪ ಮೊಟಕಾಗಿಸಿ ಅವಳೇ ಹೊಲಿದುಕೊಟ್ಟಿದ್ದಳು. ಈ ಕೋಟಿನವನ ಭುಜಗಳೆರಡೂ ಸಮನಾಗಿದ್ದವು. ಹೋದ ಎರಡು ಆಟಗಳಲ್ಲೂ ಇವನೇ ನಿಂತಿದ್ದ.

ಯಾಕೆ ಕಾಣಲಿಲ್ಲ ಎಂದು ಅವನನ್ನೇ ಕೇಳಿದ್ದಳು. "ಅಲ್ಲೇ ನಿಂತಿದ್ನಲ್ಲ. ನಿನ್ನ ಫೋನು ಸಣ್ಣದು, ಕಂಡಿರಂಗಿಲ್ಲ" ಎಂದಿದ್ದ ಆಂಜನೇಯ.

ಯೂನಿಟ್ಟಿನಲ್ಲಿ ಕಟಿಂಗ್ ಕೆಲಸ ಕಡಿಮೆಯಾದ ವರ್ಷ ಅವನು ಬೆಂಗಳೂರು ಸೇರಿದ. ಉಳಿದ ದಿನ ಯಾವುದೋ ಗೋಡೌನಿನ ಗೇಟು, ಆಟ ಇದ್ದ ದಿನ ಸ್ಟೇಡಿಯಂ. ಮೊದಲ ಆಟಕ್ಕೆ ಹೋಗುವಾಗ ಅವನ ಖುಷಿ ನೋಡಬೇಕಿತ್ತು. ಟಿಕೆಟ್ ಇಲ್ಲದೆ, ಮೈದಾನದ ಅಂಚಿಗೇ ನಿಂತು ಫುಟ್‌ಬಾಲ್ ನೋಡುವ ಯೋಗ ರಾಯದುರ್ಗದಲ್ಲಿ ಇನ್ಯಾರಿಗಿದೆ! ಆಟ ಮುಗಿದ ಮೇಲೆ ಫೋನ್ ಮಾಡಿದವನ ದನಿ ಸಪ್ಪಗಿತ್ತು.

"ಏನೂ ನೋಡ್ಲಿಲ್ಲ. ನಮ್ಮ ಡ್ಯೂಟಿ ಜನರ ಕಡೆ ಮುಖ ಮಾಡಿ ನಿಲ್ಲೋದಂತ. ಯಾರೂ ಒಳಗ ಹಾರಬಾರದು, ಬಾಟ್ಲಿ ಒಗಿಬಾರದು ಅಂತ ಕಾಯಬೇಕು. ತಿರುಗಿ ನೋಡಿದ್ರ ಡ್ಯೂಟಿಯಿಂದ ತಗದುಬಿಡ್ತಾರಂತ."

"ಅಂದ್ರ ಆಟ ನಿಮ್ಮ ಬೆನ್ನ ಹಿಂದ?"

"ಹ್ಞೂ. ಸದ್ದು ಅಷ್ಟ."

ಅವತ್ತು ನಾಗವೇಣಿಗೆ ಗಂಡನ ಮೇಲೆ ಬಹಳ ಕರುಣೆ ಬಂತು. ಮುಂದಿನ ಆಟವನ್ನು ಅವನಿಗೋಸ್ಕರ ಫೋನಿನಲ್ಲಿ ನೋಡಿದಳು, ಮುಗಿದ ಮೇಲೆ ನಡೆದದ್ದನ್ನೆಲ್ಲ ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿದಳು. ಆಗ ಅವಳಿಗೆ ಆಫ್‌ಸೈಡ್ ಎಂದರೇನೆಂದು ಗೊತ್ತಿರಲಿಲ್ಲ. ಆಟಗಾರರ ಹೆಸರುಗಳು ಇಂದಿಗೂ ಅವಳ ನಾಲಿಗೆಗೆ ಒಗ್ಗಿಲ್ಲ.

"ಕೇಳ್ರಿ. ಮೊದಲನೇ ಅರ್ಧ ನಮ್ಮವ್ರು ಮಲಕ್ಕೊಂಡಿದ್ರು. ನಡುವ ಒಬ್ಬ ಬೋಳುತಲಿಯವ ಅದಾನಲ್ಲ, ಅವನ ಕಾಲಿಗೆ ಚೆಂಡು ಬಂದ್ರ ಮದಿವಿ ಮನ್ಯಾಗ ಯಾರ ಎಲಿಗೆ ಬಡಸ್ಲಿ ಅಂತ ನೋಡೋರಂಗ ನೋಡ್ಕೋತ ನಿಲ್ತಾನ. ಅಷ್ಟರಾಗ ಆ ಕಡಿಯವ್ರು ಕಸಗೊಂಡು ಹೋಗ್ತಾರ. ಆ ಕೋಚಿಗೆ ಹೇಳೋರು ಯಾರೂ ಇಲ್ಲೇನ್ರಿ? ಎಡಗಡಿ ಒಬ್ಬ ಸಣ್ಣ ಹುಡುಗ ಅದಾನ ನೋಡ್ರಿ, ಅವ ಚೆಂಡು ಹಿಡಕೊಂಡು ಓಡಿದ್ರ... ನೀವೊಮ್ಮೆ ನೋಡಬೇಕಿತ್ರಿ."

ಕೊನೆಯ ಮಾತು ಪ್ರತಿಸಲವೂ ಇರುತ್ತಿತ್ತು. ನೀವೊಮ್ಮೆ ನೋಡಬೇಕಿತ್ರಿ.

ಆಂಜನೇಯ ಅದನ್ನು ಗೋಪಿಗೆ ಕೇಳಿಸಿದ. ಗೋಪಿ ಮಡಕಶಿರಾ ಕಡೆಯ ಹುಡುಗ, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಪ್ಯಾಕಿಂಗ್ ಕೆಲಸ. ಪ್ರತಿ ಆಟಕ್ಕೂ ಆಂಜನೇಯನ ಎದುರಿನ ಸಾಲಿನಲ್ಲೇ ಬಂದು ಕೂರುತ್ತಿದ್ದ. ಎದುರುಬದುರು ಮುಖ ನೋಡಿ ನೋಡಿಯೇ ಇಬ್ಬರಿಗೂ ಪರಿಚಯವಾಗಿತ್ತು. 'ಕಾಲ್ಚೆಂಡು ಕಟ್ಟೆ' ಎಂಬ ತನ್ನ ಆನ್‌ಲೈನ್ ಪೇಜಿನಲ್ಲಿ ಅವನು ಪ್ರತಿ ಆಟದ ಬಗ್ಗೆ ಉದ್ದುದ್ದ ಬರೆಯುತ್ತಿದ್ದ. ಓದುವವರು ಅಷ್ಟಕ್ಕಷ್ಟೆ. ನಾಗವೇಣಿಯ ಮಾತು ಹಾಕಿದ ಮೇಲೆ ಪೇಜಿಗೆ ಜನ ಮುಗಿಬಿದ್ದರು. 'ರಾಯದುರ್ಗದ ಅಕ್ಕ ಇವತ್ತು ಕೋಚಿಗೆ ಏನಂದರು?' ಎಂದು ಕಾಯುವವರಾದರು. ಬೋಳುತಲೆಯವನಿಗೆ 'ಬಡಿಸುವವನು' ಎಂದೇ ಹೆಸರಾಯಿತು. ಆಟ ಮುಗಿದ ಮೇಲೆ ಅವಳು ಆಂಜನೇಯನಿಗೆ ಕಳಿಸುವುದು, ಅವನು ಕೇಳಿ ಗೋಪಿಗೆ ದಾಟಿಸುವುದು, ಗೋಪಿ ಪೇಜಿಗೆ ಹಾಕುವುದು. ಹೀಗೆ ಒಂದು ಸೀಸನ್ ಕಳೆಯಿತು. ಆಟ ನಡೆಯುವಾಗ ಮಾತ್ರ ಅವಳು ಪೇಜು ತೆರೆಯುತ್ತಿರಲಿಲ್ಲ. ಅವಳ ಫೋನಿನ ಚಿತ್ರ ಯಾವಾಗಲೂ ಹಿಂದೆ ಬೀಳುತ್ತಿತ್ತು. ಸ್ಟೇಡಿಯಂನವರು ಗೋಲು ಎಂದು ಕೂಗಿ, ಪೇಜಿನಲ್ಲಿ ಬರೆದೂ ಆದ ಮೇಲೆ ರಾಯದುರ್ಗದಲ್ಲಿ ಚೆಂಡು ಬಲೆಗೆ ಬೀಳುತ್ತಿತ್ತು.

ಈ ಸೀಸನ್ನಿನ ನಡುವೆ ಏನೋ ಕೆಟ್ಟಿತು. ಮೊದಲು ಅವಳ ಮೆಸೇಜು ಕೇಳಿ ಆಂಜನೇಯ ಫೋನ್ ಮಾಡುತ್ತಿದ್ದ, ನಗುತ್ತಿದ್ದ, ಇನ್ನೊಮ್ಮೆ ಹೇಳು ಎನ್ನುತ್ತಿದ್ದ. ಈಗ 'ಕೇಳಿದೆ, ಚೊಲೊ ಐತಿ' ಎಂಬ ಒಂದು ಸಾಲು. ಅವಳ ಮೆಸೇಜಿನ ಪಕ್ಕದ ಮೈಕಿನ ಗುರುತು ಅವನು ಕೇಳಿದ ಮೇಲೆ ನೀಲಿಯಾಗಬೇಕು. ಅದು ಬೂದಿ ಬಣ್ಣದಲ್ಲೇ ಉಳಿಯುತ್ತಿತ್ತು.

ಹೊಲಿದ ಜೀನ್ಸಿನ ದಾರ ಕತ್ತರಿಸಲು ಬರುವ ಪಕ್ಕದ ಮನೆಯ ಪಾಪಕ್ಕನಿಗೆ ತೋರಿಸಿದಳು.

"ಫೋನಿನಾಗ ಸೆಟ್ಟಿಂಗ್ ಏನರ ಹೆಚ್ಚುಕಡಿಮಿ ಆಗಿರ್ತೈತಿ ಬಿಡು" ಎಂದಳು ಪಾಪಕ್ಕ. ಸ್ವಲ್ಪ ಹೊತ್ತು ಕತ್ತರಿ ಆಡಿಸಿ, "ಆದ್ರೂ ಗಂಡಸು ಒಬ್ನ ಇರಾಕತ್ತು ಬಾಳ ದಿನ ಆತು ನಾಗವೇಣಿ. ನೀನೂ ಒಮ್ಮೆ ಹೋಗಿ ನೋಡ್ಕೊಂಡು ಬಾ" ಎಂದಳು.

ಪಾಪಕ್ಕ ಹೇಳದೆ ಬಿಟ್ಟದ್ದು ನಾಗವೇಣಿಯ ತಲೆಯಲ್ಲಿ ಕೂತಿತು. ಮಗಳು ಶ್ರಾವಣಿ ಗುರುಕುಲ ಶಾಲೆಯ ಹಾಸ್ಟೆಲಿನಲ್ಲಿ. ಮನೆಯಲ್ಲಿ ಮಾತಾಡುವುದೆಂದರೆ ಮೆಷಿನ್ ಒಂದೇ. ಸಾವಿರಾರು ಜನ ತನ್ನ ಮಾತು ಕೇಳುತ್ತಾರೆ ಎಂದು ಗೋಪಿ ಹೇಳಿದಾಗ ಹೆಮ್ಮೆಯಾಗಿದ್ದೂ ನಿಜ. ಆದರೆ ಅವಳು ಹೇಳಿದ್ದು ಒಬ್ಬನಿಗೆ. ಆ ಒಬ್ಬನೇ ಕೇಳದಿದ್ದರೆ ಮಿಕ್ಕವರನ್ನು ಕಟ್ಟಿಕೊಂಡು ಅವಳಿಗೇನಾಗಬೇಕು?

ಈ ಸಲದ ಆಟ ಗೋಲಿಲ್ಲದೆ ಮುಗಿಯಿತು. ಎರಡೂ ಕಡೆ ಸೊನ್ನೆ. ನಾಗವೇಣಿ ಫೋನ್ ಹಿಡಿದು ಎಂದಿನಂತೆ ಹೇಳಿದಳು. ಬಡಿಸುವವನನ್ನು ಬೈದಳು, ಎಡಗಡೆಯ ಹುಡುಗನನ್ನು ಹೊಗಳಿದಳು. ಆಮೇಲೆ ಒಂದು ಗಳಿಗೆ ತಡೆದು ಅಂದಳು:

"ಇನ್ನೇನು ಮುಗೀತು ಅನ್ನೋದ್ರಾಗ ನಮ್ಮ ಗೋಲ್‌ಕೀಪರ್ ಅದಾನಲ್ರಿ, ಅವ ತನ್ನ ಬಲಿ ಬಿಟ್ಟು ಓಡಿ ಬಂದ. ಕಾರ್ನರಿನಿಂದ ಬಂದ ಚೆಂಡಿಗೆ ಹಾರಿ ತಲಿ ಕೊಟ್ಟ ನೋಡ್ರಿ, ಗೋಲು! ನಾವು ಗೆದ್ವಿ. ನೀವೊಮ್ಮೆ ನೋಡಬೇಕಿತ್ರಿ."

ಕಳಿಸಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವನು ಕೇಳಿದರೆ ಹಿಡಿಯುತ್ತಾನೆ. 'ಏನು ಹುಚ್ಚುಚ್ಚಾರ ಹೇಳ್ತಿ' ಎಂದು ಫೋನ್ ಮಾಡುತ್ತಾನೆ. ಈ ಸುಳ್ಳು ಇಬ್ಬರ ನಡುವೆಯೇ ಉಳಿಯುತ್ತದೆ. ಕೇಳದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಬೈಯಲಿ ದೇವರೇ, ಚೆನ್ನಾಗಿ ಬೈಯಲಿ ಎಂದು ಅವಳು ಬೇಡಿಕೊಂಡಳು.

'ಕೇಳಿದೆ, ಚೊಲೊ ಐತಿ' ಎಂದು ಬಂತು.

ಪೇಜು ತೆರೆದಳು. ಅವಳ ದನಿ ಅಲ್ಲಿತ್ತು. ಕೆಳಗೆ ಜನ ಆಗಲೇ ಶುರುಮಾಡಿದ್ದರು. ಅಕ್ಕ ಯಾವ ಆಟ ನೋಡಿದರು? ಅಕ್ಕ ಆಟ ನೋಡುವುದೇ ಇಲ್ಲ, ಕಥೆ ಕಟ್ಟುತ್ತಾರೆ. ಇಷ್ಟು ದಿನ ಹೇಳಿದ್ದೂ ಸುಳ್ಳೇ ಇರಬೇಕು. ನಗುವ ಮುಖಗಳ ಸಾಲೇ ಇತ್ತು. ನಾಗವೇಣಿ ಫೋನನ್ನು ಮಗುಚಿಟ್ಟು, ಊಟ ಮಾಡದೆ ಮಲಗಿದಳು.

ಬೆಳಿಗ್ಗೆ ಗೋಪಿಯ ಫೋನ್ ಬಂತು.

"ಏನಕ್ಕಾ ಇದು? ನಾನು ಅಲ್ಲೇ ಕುಂತಿದ್ದೆ, ನನಗೇ ಕಾಣ್ದಿರೋ ಗೋಲು ನಿಮಗೆಲ್ಲಿ ಕಾಣುಸ್ತು? ನಾನೂ ಒಂದ್ಸಲ ಕೇಳ್ದಂಗೇ ಹಾಕ್ಬುಟ್ಟೆ, ನನ್ನದೂ ತಪ್ಪೈತೆ. ಆದ್ರೆ ಜನ ಏನೇನೋ ಬರೀತಾವ್ರೆ, ನನಗೆ ಹೊಟ್ಟೆ ಉರೀತೈತೆ."

"ಅದು ನಿಮ್ಮಣ್ಣಗ ಹೇಳಿದ್ದು ಗೋಪಿ. ಕೇಳಿದ್ರ ಅವ್ರು ಅಲ್ಲೇ ತಡೀತಿದ್ರು."

ಗೋಪಿಗೆ ಅರ್ಥವಾಗಲಿಲ್ಲ. ನಾಗವೇಣಿ ಮುಚ್ಚುಮರೆ ಬಿಟ್ಟು ಕೇಳಿದಳು. "ಖರೇ ಹೇಳು. ನಿನ್ನ ಎದುರಿಗೆ ನಿಲ್ತಿದ್ರಲ್ಲ, ಈಗ ನಿಲ್ತಾರೇನು?"

"ಅಣ್ಣ ಹೇಳಿಲ್ವಾ?" ಎಂದ ಗೋಪಿ. "ತಿರುಗಿ ನೋಡ್ಬುಟ್ರು ಕಣಕ್ಕಾ. ಆ ಎಡಗಡೆ ಹುಡುಗ ಇಲ್ವಾ, ನೀವು ಯಾವಾಗ್ಲೂ ಹೇಳ್ತೀರಲ್ಲ, ಅವನು ಆವತ್ತು ಚೆಂಡು ತಗಂಡು ಅಣ್ಣನ ಬೆನ್ನ ಹಿಂದೇನೇ ಓಡ್ದ. ನಾವೆಲ್ಲ ಎದ್ದು ಕೂಗಿದ್ವಿ. ಅಣ್ಣ ನಮ್ಮ ಮುಖ ನೋಡ್ತಾ ಇದ್ದೋರು ಪಕ್ಕಂತ ಆ ಕಡೆ ತಿರುಗ್ಬುಟ್ರು. ಸುಮ್ನೆ ಒಂದು ಸಲ ನೋಡಿ ಈ ಕಡೆ ಆಗಿದ್ರೆ ಯಾರೂ ಏನೂ ಅಂತಿರ್ಲಿಲ್ಲ. ಬಾಯಿ ತಕ್ಕಂಡು ಹಂಗೇ ನಿಂತ್ಬುಟ್ರು. ಸೂಪರ್‌ವೈಸರ್ ಬಂದು ತೋಳು ಹಿಡ್ಕಂಡು ಕರ್ಕಂಡೋದ. ಈಗ ಆಚೆ, ಗಾಡಿ ನಿಲ್ಲಿಸೋ ಜಾಗದಾಗೆ ಹಾಕವ್ರೆ."

ನಾಗವೇಣಿ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಟ್ಟು ಒಯ್ಯಲು ಯೂನಿಟ್ಟಿನ ಆಟೋ ಬಂದು ಹಾರ್ನ್ ಹೊಡೆಯುತ್ತಿತ್ತು. ನೀವೊಮ್ಮೆ ನೋಡಬೇಕಿತ್ರಿ ಎಂದು ಎಷ್ಟು ಸಲ ಹೇಳಿದ್ದಳೋ ಏನೋ.

ಮಧ್ಯಾಹ್ನ ಅವನು ಊಟಕ್ಕೆ ಕೂರುವ ಹೊತ್ತಿಗೆ ಫೋನ್ ಮಾಡಿದಳು.

"ಗೋಪಿ ಎಲ್ಲಾ ಹೇಳಿದ" ಎಂದಳು. "ನನಗ ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲಿ? ಸಣ್ಣ ಹುಡುಗರಂಗ ತಿರುಗಿ ನೋಡಿದ್ದಕ್ಕ ಹೊರಗ ಹಾಕಿದ್ರು ಅಂತ ಹೇಳ್ಲೇನು? ನೀ ನನ್ನ ಬೆನ್ನ ಹುಡುಕ್ತಿ ಅಂತ ಗೊತ್ತಿತ್ತು. ನಾಚಿಕಿ ಆತು."

"ಮತ್ತ ನಾ ಹೇಳಿದ್ದು ಯಾಕ ಕೇಳಲಿಲ್ಲ?"

ಆಂಜನೇಯ ಊಟದ ಡಬ್ಬಿ ಮುಚ್ಚಿದ ಸದ್ದು ಕೇಳಿಸಿತು. "ನೀ ಹೇಳೋದು ಕೇಳಿದ್ರ ಅಲ್ಲೇ ನಿಂತಂಗ ಆಕ್ಕಿತ್ತು ನಾಗೂ. ಈಗ ನಾ ಅಲ್ಲಿಲ್ಲ. ಸುತ್ತ ಸ್ಕೂಟರು ಕಾರು ಬಿಟ್ರ ಒಂದು ನರಪಿಳ್ಳಿ ಇರಂಗಿಲ್ಲ. ಕೇಳೋಣಂತ ಒತ್ತಾಕ ಹೋಗ್ತಿದ್ದೆ, ಕೈ ಬರ್ತಿರಲಿಲ್ಲ. ಜನ ಕಾಯ್ತಾರ ಅಂತ ಕಳಸಿಬಿಡ್ತಿದ್ದೆ."

ಅವಳಿಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಬೇರೆ ಏನೇನೋ ಅಂದುಕೊಂಡಿದ್ದೆ ಎಂದು ಹೇಳಲು ಹೋಗಿ ಹೇಳಲಿಲ್ಲ. ಮೂಗು ಒರೆಸಿಕೊಂಡು ಕೇಳಿದಳು. "ನೋಡಿದ್ರಲ್ಲ ಆವತ್ತು. ಹೆಂಗ ಓಡಿದ ಆ ಹುಡುಗ?"

"ನೀ ಹೇಳಿದಂಗ ಓಡಿದ" ಎಂದ ಆಂಜನೇಯ.

ಆಗ ಇಬ್ಬರೂ ನಕ್ಕರು. ಫೋನ್ ಇಟ್ಟ ಮೇಲೆ ಅವಳು ಪೇಜಿಗೆಂದು ಗೋಪಿಗೆ ಒಂದು ಮೆಸೇಜು ಕಳಿಸಿದಳು. "ಆ ಗೋಲು ಗೋಲ್‌ಕೀಪರ್ ಹಾಕಿದ್ದಲ್ಲ, ನಾ ಹಾಕಿದ್ದು. ತಪ್ಪಾತು. ಅದೊಂದು ಬಿಟ್ರ ಉಳಿದದ್ದೆಲ್ಲ ಖರೇ." ಕೆಲವರು ನಂಬಿದರು, ಕೆಲವರು ಇನ್ನೂ ನಗುತ್ತಿದ್ದರು. ಅವಳು ಓದಲು ಹೋಗಲಿಲ್ಲ.

ಮುಂದಿನ ಆಟದ ಸಂಜೆ ಪಾಪಕ್ಕನ ಫೋನನ್ನೂ ಕೇಳಿ ತಂದಳು. ತನ್ನದರಲ್ಲಿ ಆಟ, ಪಾಪಕ್ಕನದರಲ್ಲಿ ಆಂಜನೇಯ. ಗಾಡಿಗಳ ನಡುವೆ ಅವನನ್ನು ಕೇಳುವವರಿರಲಿಲ್ಲ. ಟೋಪಿಯ ಕೆಳಗೆ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿದ್ದ. ಮೂರನೆಯ ಹಳದಿ ಕೋಟಿನೊಳಗೆ ಆ ಸಮಭುಜದವನೇ ಇದ್ದ. ನಾಗವೇಣಿ ಅವನನ್ನು ಒಮ್ಮೆ ನೋಡಿ ಬಿಟ್ಟಳು.

"ಹೇಳು" ಎಂದ ಆಂಜನೇಯ.

"ಬಡಸೋನು ಇವತ್ತೂ ಹಂಗ ನಿಂತಾನ್ರಿ. ಹ್ಞಾ, ಕೊಟ್ಟ. ಹಿಂದಕ್ಕ ಕೊಟ್ಟ. ಮುಂದಿರೋರು ಕಾಣೋದ ಇಲ್ಲ ಇವಗ."

ಅವನು ನಕ್ಕದ್ದು ಕೇಳಿಸಿತು. ದೂರದಲ್ಲಿ ಯಾರದೋ ಕಾರು ಹಿಂದಕ್ಕೆ ಬರುವಾಗಿನ ಪೀಪೀ ಸದ್ದೂ ಕೇಳಿಸಿತು. ಅವಳು ಹೊಲಿಯುತ್ತ ಹೇಳುತ್ತಿದ್ದಳು, ಅವನು ಹ್ಞೂಗುಡುತ್ತಿದ್ದ. ಹೇಳುವುದೇನೂ ಇಲ್ಲದಾಗ ಅವನು ಅವಳ ಮೆಷಿನ್ನಿನ ಸದ್ದನ್ನೇ ಕೇಳುತ್ತಿದ್ದ.

ಇದ್ದಕ್ಕಿದ್ದಂತೆ ಪಾಪಕ್ಕನ ಫೋನಿನಿಂದ ಭೋರೆಂಬ ಸದ್ದು ಎದ್ದಿತು. ಆಂಜನೇಯನ ಹಿಂದಿನ ಗೋಡೆಯಾಚೆ ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ಕೂಗುತ್ತಿತ್ತು.

"ಏನಾತು?" ಎಂದ ಆಂಜನೇಯ. "ನಾಗೂ, ಏನಾತು?"

"ತಡೀರಿ" ಎಂದಳು. "ನನಗಿನ್ನೂ ಬಂದಿಲ್ಲ."

ಅವನು ತಡೆದ. ಕೂಗು ನಿಲ್ಲಲಿಲ್ಲ. ನಾಗವೇಣಿ ಪೆಡಲಿನಿಂದ ಕಾಲು ತೆಗೆದು ಮುಂದಕ್ಕೆ ಬಾಗಿದಳು. ಅವಳ ಫೋನಿನಲ್ಲಿ ಎಡಗಡೆಯ ಆ ಹುಡುಗ ಇನ್ನೂ ಮೊಣಕಾಲೂರಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.