ಭಾರತಮ್ಮನ ಅರ್ಧ ಮಾತ್ರೆ

ಹೋಳೂರಿನ ಅಶ್ವತ್ಥಪ್ಪನಿಗೆ ಗೊತ್ತಿಲ್ಲದ ವಿಷಯ ಭೂಮಿ ಮೇಲೆ ಯಾವುದಿದೆ ಹೇಳಿ! ಹೆಂಡತಿಯ ಥೈರಾಯ್ಡ್ ರಿಪೋರ್ಟು ತರೋಕೆ ಕೋಲಾರಕ್ಕೆ ಒಬ್ಬನೇ ಹೋದವನು, ಬಂದು ಗತ್ತಿನಿಂದ ಹೇಳಿದ: “ಇನ್ಮೇಲೆ ಅರ್ಧ ಮಾತ್ರೆ ಸಾಕು ಅಂದ್ರು ಕಣೇ ಡಾಕ್ಟ್ರು.” ಅವತ್ತಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಾನೇ ಮುರಿದು ಕೈಗೆ ಕೊಡ್ತಿದ್ದ. ಅಬ್ಬಬ್ಬಾ, ಎಂಥಾ ಪ್ರೀತಿ! ಭಾರತಮ್ಮನೂ ನಂಬಿದಳು, ಪಾಪ.

ಯುಗಾದಿ ಕಳೆಯೋ ಹೊತ್ತಿಗೆ ಅವಳ ಮುಖ ಊದಿತ್ತು. ಕಾಲು ಎತ್ತಿಡೋಕಾಗದು, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಾ ಸಾಲಿನಲ್ಲೇ ತೂಕಡಿಸುತ್ತಿದ್ದಳು. ಹಿಂಗೇ ಹಾಸಿಗೆ ಹಿಡಿದುಬಿಡ್ತೀನೇನೋ ಅಂತ ಅವಳಿಗೆ ಭಯ. ಗಂಡ ಮಾತ್ರ, “ಸೋಮಾರಿತನಕ್ಕೆ ಮಾತ್ರೆ ಇಲ್ಲ ಬಿಡು,” ಅಂತಿದ್ದ.

ಆ ಭಾನುವಾರ ಮಗಳು ಚೈತನ್ಯ ಬಂದಿದ್ದಳು. ಮಾಲೂರಿನ ಕಾಲೇಜಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ತಾಯಿ ಮಗಳು ಸೊಪ್ಪು ಹೊತ್ತು ರೇಷ್ಮೆಹುಳದ ಮನೆಗೆ ಹೋದರೆ, ಈ ಮಹಾಶಯ ಉಳಿದರ್ಧ ಮಾತ್ರೆಗಳನ್ನ ಅರೆದು, ನೀರಲ್ಲಿ ಕಲಸಿ, ಹುಳ ತಿನ್ನೋ ಸೊಪ್ಪಿಗೆ ಚಿಮುಕಿಸ್ತಾ ನಿಂತಿದ್ದ!

ಸಿಟ್ಟು ನೆತ್ತಿಗೇರಿದರೆ ಭಾರತಮ್ಮನ ಬಾಯಲ್ಲಿ ಬರೋದು ತೆಲುಗು. “ಏಮಯ್ಯಾ ಇದಿ!”

“ಹುಳ ಎಲ್ಲಾ ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟಲಿ ಅಂತ ಹಾರ್ಮೋನು ಹೊಡೀತಾರಲ್ವಾ? ನಿನ್ ಮಾತ್ರೇನೂ ಹಾರ್ಮೋನೇ. ಡಾಕ್ಟ್ರು ಪೂರ್ತಿ ತಗೊಳ್ಳಿ ಅಂದ್ರು, ನಾನೇ ಅಡ್ಜಸ್ಟ್ ಮಾಡ್ದೆ.” ನಾಚಿಕೆಯಾದರೂ ಬೇಡವಾ ಆ ಮೂತಿಗೆ!

ಚೈತನ್ಯ ಹಲ್ಲು ಕಚ್ಚಿಕೊಂಡು ಹೇಳಿದಳು: “ಅಪ್ಪಾ, ಅಮ್ಮನ ಮೈಯಲ್ಲಿ ಆ ಹಾರ್ಮೋನು ಹಿಡಿಯೋಕೆ ರಿಸೆಪ್ಟರ್ ಅಂತ ಒಂದಿದೆ. ಕೆರೆ ತೂಬಿನ ಮೇಲೆ ಗದ್ದೆಗೆ ನೀರು ಬಿಡೋ ನೀರಗಂಟಿ ಕೂತಂಗೆ ಅದು ಡಿಎನ್‌ಎ ಮೇಲೆ ಮೊದಲೇ ಕೂತಿರುತ್ತೆ. ಹಾರ್ಮೋನು ಬಂದ್ರೆ ತೂಬು ತೆಗೆಯುತ್ತೆ. ಬರ್ಲಿಲ್ವಾ, ಸುಮ್ನೆ ಇರಲ್ಲ, ಅದುಮಿ ಮುಚ್ಚಿಡುತ್ತೆ. ನೀನು ಮುಚ್ಚಿಸಿದ್ದು ಅಮ್ಮನ ಜೀವದ ತೂಬು. ಹುಳದೊಳಗೆ ಕೂತಿರೋ ರಿಸೆಪ್ಟರೇ ಬೇರೆ, ಅದರ ಹಾರ್ಮೋನೂ ಬೇರೆ. ಈ ಮಾತ್ರೆಗೆ ಅದು ಕ್ಯಾರೇ ಅನ್ನಲ್ಲ.”

ಭಾರತಮ್ಮ ಗಂಡನ ಮುಖವನ್ನೇ ನೋಡಿದಳು. ತಪ್ಪಾಯ್ತು ಅಂತಾನೆ, ಹೆಂಗಿದ್ದೀಯೇ ಅಂತಲಾದರೂ ಕೇಳ್ತಾನೆ ಅಂತ.

ಅಶ್ವತ್ಥಪ್ಪ ನಿಟ್ಟುಸಿರು ಬಿಟ್ಟ. “ಸದ್ಯ! ಹುಳಕ್ಕೇನೂ ಆಗಲ್ಲ ಅನ್ನು.”

ಭಾರತಮ್ಮ ಸೊಪ್ಪಿನ ಹೊರೆ ಅವನ ಕಾಲಬುಡಕ್ಕೆ ಒಗೆದಳು. “ಇನ್ಮೇಲೆ ನಿನ್ ಹುಳಗಳ ಕೈಲೇ ಮುದ್ದೆ ಮಾಡಿಸ್ಕೊಂಡು ತಿನ್ನು,” ಅಂದವಳೇ ಮಗಳ ಜೊತೆ ಮಾಲೂರು ಬಸ್ ಹತ್ತಿದಳು.