ಪೊಟ್ಯಾಸಿಯಂ 4.0

ಒಂಬತ್ತನೆಯ ವರದಿಯಲ್ಲೂ ಪೊಟ್ಯಾಸಿಯಂ 4.0 ಎಂದೇ ಇರುವುದನ್ನು ಕಂಡಾಗ ಸುಕನ್ಯಳ ಕೈ ಕೀಬೋರ್ಡಿನ ಮೇಲೇ ನಿಂತಿತು. ಒಂಬತ್ತು ಜನರ ರಕ್ತ ಒಂದೇ ಅಂಕಿ ಹೇಳುವುದುಂಟೇ?

ರಾಬರ್ಟ್‌ಸನ್‌ಪೇಟೆಯ ಆ ಲ್ಯಾಬಿನಲ್ಲಿ ಯಂತ್ರ ಕೊಡುವ ಎಕ್ಸ್‌ಎಂಎಲ್ ಫೈಲಿನಿಂದ ಅಂಕಿ ಹೆಕ್ಕಿ ವರದಿಗೆ ಹಾಕುವ ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಅವಳೇ ಬರೆದದ್ದು. ನಿನ್ನೆ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ಫೈಲಿನಲ್ಲಿ ಅಂಕಿಗಳನ್ನು ಗುರುತಿಸುವ ಪ್ರತಿ ಟ್ಯಾಗಿನ ಹೆಸರಿಗೂ ಮನೆತನದ ಹೆಸರಿನಂತೆ ಒಂದು ನೇಮ್‌ಸ್ಪೇಸ್ ಅಂಟಿಕೊಂಡು, ಸ್ಕ್ರಿಪ್ಟಿಗೆ ಏನೂ ಸಿಗದೆ ವರದಿ ಖಾಲಿ ಬರತೊಡಗಿತ್ತು. ನೇಮ್‌ಸ್ಪೇಸ್ ಬಿಟ್ಟು ಬರೀ ಹೆಸರು ನೋಡು ಎಂದು ಅವಳು ಒಂದು ಸಾಲು ತಿದ್ದಿದ್ದಳು. ಅಂಕಿ ಬಂತು, ಮನೆಗೆ ಹೋಗಿದ್ದಳು.

ಈಗ ಫೈಲು ತೆರೆದು ನೋಡಿದರೆ 'ವ್ಯಾಲ್ಯೂ' ಎಂಬ ಟ್ಯಾಗು ಎರಡಿದ್ದವು. ಊರಲ್ಲಿ ಇಬ್ಬರು ವೆಂಕಟರತ್ನಮ್ಮ ಇದ್ದರೆ ಮನೆತನ ಕೇಳಬೇಕಲ್ಲ, ಹಾಗೆ. ಮೊದಲನೆಯದು ಯಂತ್ರದ ಸರಿತಪ್ಪು ನೋಡಲು ಇಟ್ಟ ಮಾದರಿಯದು, ಎರಡನೆಯದು ರೋಗಿಯದು. ಅವಳ ಸಾಲು ಎಲ್ಲರಿಗೂ ಮೊದಲನೆಯದನ್ನೇ ಹಂಚಿತ್ತು.

ರೋಗಿಯ ನೇಮ್‌ಸ್ಪೇಸ್ ಹೆಸರಿಸಿ ಸಾಲನ್ನು ಮತ್ತೆ ಬರೆದು ಓಡಿಸಿದಳು. 4.3. 3.9. 4.6. ಏಳನೆಯದು 7.2. ಮುನಿಶಾಮಮ್ಮ, ಕಾಮಸಮುದ್ರ, ಕಿಡ್ನಿ ತೊಂದರೆ. ಯಾವ ಗಳಿಗೆಯಲ್ಲಾದರೂ ಹೃದಯ ನಿಲ್ಲಬಹುದಾದ ಅಂಕಿ. 4.0 ಎಂಬ ವರದಿ ಹಿಡಿದು ಆಕೆ ಸೊಸೆಯೊಂದಿಗೆ ಹೊರಟು ಮುಕ್ಕಾಲು ಗಂಟೆಯಾಗಿತ್ತು.

ಸುಕನ್ಯ ಫೋನ್ ಮಾಡಿದಾಗ ಸೊಸೆ ಕಲಾ ಎತ್ತಿದಳು. "ಬಂಗಾರಪೇಟೆಲಿ ಬಸ್ ಅತ್ತಿದ್ವಿ ಅಕ್ಕ. ಈಗ ಒರಡ್ತಾ ಐತೆ."

"ಇಳೀರಿ. ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಪೊಟ್ಯಾಸಿಯಂ ತುಂಬಾ ಜಾಸ್ತಿ ಇದೆ."

"ಎಲ್ಲಾ ಸರಿಯಾಗೈತೆ ಅಂತ ನೀವೇ ಅಂದ್ರಲ್ಲ."

ಪಕ್ಕಕ್ಕೆ ಬಂದು ನಿಂತಿದ್ದ ಲ್ಯಾಬಿನ ಯಜಮಾನ ಶ್ರೀಧರ್, ಮಿಷಿನ್ ಕೆಟ್ಟಿತ್ತು ಅನ್ನು ಎಂದು ಮೆಲ್ಲಗೆ ಹೇಳಿದ. ಸುಕನ್ಯ ಹಾಗೇ ಅಂದಳು.

"ಮಿಷಿನ್ನು ಆಗ ಸುಳ್ಳೇಳ್ತೋ, ಈಗ ಏಳ್ತಾ ಐತೋ?" ಎಂದಳು ಕಲಾ. ಹಿಂದೆ ಮುದುಕಿಯ ದನಿ ಕೇಳಿಸಿತು: "ಸೀಟ್ ಸಿಕ್ಕೈತೆ, ಸುಮ್ನೆ ಕೂತ್ಕೊಳೇ."

ಸುಕನ್ಯ ಶ್ರೀಧರನ ಕಡೆ ನೋಡಲಿಲ್ಲ. "ಮಿಷಿನ್ ಸರಿಯಾಗೇ ಹೇಳಿತ್ತು ಕಣಮ್ಮ. ನಾನು ತಪ್ಪು ಅಂಕಿ ಹಾಕ್ದೆ. ನಾನ್ ಮಾಡಿದ್ ತಪ್ಪು. ನಿಮ್ಮತ್ತೆ ಜೀವಕ್ಕೆ ಅಪಾಯ ಇದೆ, ಇಳೀರಿ."

ಎಂಜಿನ್ನಿನ ಸದ್ದಿನ ನಡುವೆ ಕಲಾ ಕೂಗಿದ್ದು ಕೇಳಿಸಿತು: "ಕಂಡಕ್ಟ್ರಣ್ಣ, ನಿಲ್ಸಿ." ಸೀಟಿ. ಚಪ್ಪಲಿಗಾಗಿ ಮುದುಕಿ ಗೊಣಗಿದ್ದು. ಲೈನು ಕಡಿದುಹೋಯಿತು.

ಮಿಕ್ಕ ಎಂಟು ಮಂದಿಗೂ ಫೋನ್ ಮಾಡಿ ಅವಳು ಅದೇ ಮಾತು ಹೇಳಿದಳು. ಇಬ್ಬರು ಬೈದರು.

ನಾಲ್ಕು ಗಂಟೆಗೆ ಕಲಾಳೇ ಕರೆ ಮಾಡಿದಳು. "ಇಂಜೆಕ್ಷನ್ ಆಕಿದ್ರು ಅಕ್ಕ. ಎದ್ದು ಕುಂತವ್ರೆ. ಎಳ್ನೀರು ಬೇಕು ಅಂತಾರೆ, ಅದ್ರಲ್ಲೂ ಪೊಟ್ಯಾಸಿಯಂ ಐತೆ ಅಂತ ಡಾಕ್ಟ್ರು ಬ್ಯಾಡ ಅಂತಾರೆ. ಇಬ್ರೂ ಜಗಳ ಆಡ್ತಾವ್ರೆ."

ಸುಕನ್ಯ ಫೋನ್ ಕೆಳಗಿಟ್ಟಳು. ಶ್ರೀಧರ್ ಕುರ್ಚಿ ಎಳೆದುಕೊಂಡು ಯಂತ್ರದ ಪರದೆಯ ಮುಂದೆ ಕೂತ. ಒಂದೊಂದೇ ಹೆಸರು, ಅಂಕಿ ಓದತೊಡಗಿದ. ಅವಳು ಹೊಸ ವರದಿಗಳಲ್ಲಿ ತಾಳೆಯಾದ ಅಂಕಿಯ ಪಕ್ಕ ಪೆನ್ಸಿಲಿನಿಂದ ಒಂದೊಂದೇ ಗೀಟು ಎಳೆಯುತ್ತಾ ಹೋದಳು.